ಅಲುಗಾಡಬಾರದು

ಮಾರ್ಚ್ ೩, ಸೋಮವಾರ

ಇವತ್ತು ಮತ್ತೆ ಬಂತು. ಮಗುವಿಗೆ ಸ್ನಾನ ಮಾಡಿಸುತ್ತಿದ್ದೆ. ಎಡಗಣ್ಣಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ಮಿಣಮಿಣ ಅನ್ನತೊಡಗಿತು. ಅದು ಕಂಡಮೇಲೆ ಇಪ್ಪತ್ತು ನಿಮಿಷದ ಗಡುವು. ಆಮೇಲೆ ಎಡಗಡೆಯ ಅರ್ಧ ತಲೆ ನನ್ನದಲ್ಲ. ಅವಳನ್ನು ನೀರಿನಿಂದ ಎತ್ತಿ, ಒದ್ದೆ ಮೈಯಲ್ಲೇ ನೆಲದ ಹಾಸಿಗೆಯ ಮೇಲೆ ಮಲಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ನಾನು ಬಿದ್ದರೆ ಅವಳ ಮೇಲೆ ಬೀಳಬಾರದಲ್ಲ.

ಅತ್ತೆ ಹೊಲಿಗೆ ಬಿಟ್ಟು ಬಂದರು. ತುಟಿಗಳ ನಡುವೆ ಎರಡು ಗುಂಡುಪಿನ್ನು. ಅವನ್ನು ತೆಗೆದು ಎದೆಯ ಬಟ್ಟೆಗೆ ಚುಚ್ಚಿಕೊಂಡು, "ಇದೇನಮ್ಮಾ, ಮಗೂನ ಹೀಗೆ ಒಣಗೋಕೆ ಹಾಕಿದೀಯ?" ಎಂದರು.

"ತಲೆನೋವು ಅತ್ತೆ."

"ಟೀಚರಮ್ಮ ಸ್ಕೂಲಿಗೆ ರಜ ಹಾಕಿದ್ರೂ ಅವಳ ತಲೆನೋವಿಗೆ ರಜ ಇಲ್ಲ ನೋಡು," ಎಂದು ಮಗುವಿಗೆ ಹೇಳಿ ಟವಲು ಸುತ್ತಿ ಎತ್ತಿಕೊಂಡು ಹೋದರು. ನನ್ನ ಕಡೆ ತಿರುಗಿ ಒಂದು ಲೋಟ ನೀರು ಬೇಕಾ ಅಂತಲೂ ಕೇಳಲಿಲ್ಲ.

ಮಾತ್ರೆ ನುಂಗಿ ಗೋಡೆಗೆ ಹಣೆ ಕೊಟ್ಟು ಕೂತಿದ್ದೆ. ಐದು ಗಂಟೆಗೆ ಬಿಟ್ಟಿತು. ಈಗ ತೊಟ್ಟಿಲ ಪಟ್ಟಿಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ತೂಗುತ್ತಾ ಬರೆಯುತ್ತಿದ್ದೇನೆ. ಎಂಟು ತಿಂಗಳಲ್ಲಿ ಒಂದೇ ಸಲಕ್ಕೆ ಎರಡು ಗಂಟೆ ನಿದ್ದೆ ಮಾಡಿದ ನೆನಪಿಲ್ಲ.

ಇವತ್ತಿನಿಂದ ನಿಯಮ: ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವುದಿಲ್ಲ. ಇಪ್ಪತ್ತೆರಡು ಮೆಟ್ಟಿಲು. ಹನ್ನೊಂದನೆಯದರ ಅಂಚು ಒಡೆದಿದೆ.

ಮಾರ್ಚ್ ೫, ಬುಧವಾರ

ಅಮ್ಮನದು ಬರೆದುಬಿಡುತ್ತೇನೆ. ಬರೆದರೆ ಹಗುರಾಗುತ್ತದೆ ಅಂತಾರಲ್ಲ, ನೋಡೋಣ.

ನನಗೆ ಆರು ವರ್ಷ. ಅಮ್ಮ ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು, "ಸ್ವಲ್ಪ ಹೊತ್ತು ಮಲಗ್ತೀನಿ, ಗಲಾಟೆ ಮಾಡ್ಬೇಡ ಕಂದ," ಎಂದಳು. ನಾನು ಗಲಾಟೆ ಮಾಡಲಿಲ್ಲ. ಸಂಜೆಯವರೆಗೂ ಬಾಗಿಲಾಚೆ ಸುಮ್ಮನೆ ಕೂತಿದ್ದೆ, ಜಾಣೆಯ ಹಾಗೆ. ತಲೆಯಲ್ಲಿ ರಕ್ತನಾಳ ಒಡೆಯಿತಂತೆ. ಅಪ್ಪ ಅಷ್ಟೇ ಹೇಳಿದ್ದು, ಅದೂ ಒಂದೇ ಸಲ. ಅಮ್ಮನಿಗೆ ಮೂವತ್ತೆರಡು.

ನನಗೆ ಏಪ್ರಿಲ್ ಹದಿನೇಳಕ್ಕೆ ಮೂವತ್ತೆರಡು.

ರಕ್ತ ಪರಿಚಲನೆಯ ಪಾಠವನ್ನು ಏಳನೇ ತರಗತಿಗೆ ನಾಲ್ಕು ವರ್ಷ ಮಾಡಿದ್ದೇನೆ. ಕೆಂಪು ಸೀಮೆಸುಣ್ಣ, ನೀಲಿ ಸೀಮೆಸುಣ್ಣ. ತಲೆಯ ಹತ್ತಿರ ಬಂದಾಗ ಪ್ರತಿ ವರ್ಷವೂ ಕೈ ತಾನಾಗಿಯೇ ಬೇಗ ಬೇಗ ಬರೆದು ಮುಗಿಸುತ್ತಿತ್ತು.

ಹಗುರಾಗಲಿಲ್ಲ.

ಮಾರ್ಚ್ ೧೧, ಮಂಗಳವಾರ

ಮಗುವಿನ ಲಸಿಕೆಗೆ ಆಸ್ಪತ್ರೆಗೆ ಹೋಗಿದ್ದೆವು. ಅತ್ತೆ ಎತ್ತಿಕೊಂಡು ಇಳಿದರು, ನಾನು ಬ್ಯಾಗು ಹಿಡಿದು ಹಿಂದೆ. "ಹೆತ್ತೋಳು ಬ್ಯಾಗ್ ಹೊತ್ಕೋತಾಳೆ, ಮಂಡಿ ನೋವಿನ ಮುದುಕಿ ಮಗು ಹೊತ್ಕೋತಾಳೆ. ಚೆನ್ನಾಗಿದೆ ನಮ್ಮ ಮೆರವಣಿಗೆ," ಅಂದರು. ನಾನು ಹನ್ನೊಂದನೇ ಮೆಟ್ಟಿಲು ಮಾತ್ರ ತೋರಿಸಿದೆ.

ಲಸಿಕೆ ಕೋಣೆಯ ಹೊರಗೆ ಒಂದು ಚೀಟಿ ಅಂಟಿಸಿದ್ದರು. ಅರೆತಲೆನೋವು ಇರುವವರು ಬೇಕು, ಅಧ್ಯಯನಕ್ಕೆ. ನೋವು ಬಂದಾಗ ತಲೆಯ ರಕ್ತನಾಳಗಳಲ್ಲಿ ಏನಾಗುತ್ತದೆ ಅಂತ ನೋಡುತ್ತಾರಂತೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಬಣ್ಣದ ಔಷಧಿ ಹಾಕುವುದಿಲ್ಲ. ಎಂಆರ್‌ಐ ಯಂತ್ರದೊಳಗೆ ಎರಡು ಸಲ ಮಲಗಬೇಕು: ಒಮ್ಮೆ ನೋವಿಲ್ಲದ ದಿನ, ಒಮ್ಮೆ ನೋವು ಶುರುವಾಗಿ ಆರು ಗಂಟೆಯೊಳಗೆ, ಮಾತ್ರೆ ತೆಗೆದುಕೊಳ್ಳದೆ. ಹಾಲುಣಿಸುವವರೂ ಬರಬಹುದು.

ಎರಡು ಸಲ ಓದಿದೆ. ನಂಬರು ಬರೆದುಕೊಂಡೆ. ಅತ್ತೆ ಕೇಳಿದ್ದಕ್ಕೆ ಮಗುವಿನ ತೂಕ ಬರೆದುಕೊಂಡೆ ಅಂದೆ.

ಮಾರ್ಚ್ ೧೪, ಶುಕ್ರವಾರ

ಫಾರಂ ತುಂಬಿ ಬಂದೆ. ಮೂವತ್ತೊಂದು ಪ್ರಶ್ನೆ. ಹತ್ತೊಂಬತ್ತನೆಯದು: ಕುಟುಂಬದಲ್ಲಿ ಯಾರಿಗಾದರೂ ಮೆದುಳಿನಲ್ಲಿ ರಕ್ತಸ್ರಾವ ಆಗಿದೆಯೇ?

ಇಲ್ಲ ಅಂತ ಗುರುತು ಹಾಕಿದೆ.

ಹೌದು ಅಂದರೆ ಸೇರಿಸಿಕೊಳ್ಳುವುದಿಲ್ಲವೇನೋ ಅನ್ನಿಸಿತು. ನನಗೆ ಅವರ ಅಧ್ಯಯನ ಬೇಡ, ನನ್ನ ತಲೆಯೊಳಗಿನದು ನೋಡಬೇಕು, ಅಷ್ಟೆ. ಸಹಿ ಹಾಕುವಾಗ ಪೆನ್ನು ಜಾರಿತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಕಾಪಿ ಹೊಡೆದದ್ದನ್ನು ಬರವಣಿಗೆಯ ಗಡಿಬಿಡಿಯಲ್ಲೇ ಕಂಡುಹಿಡಿಯುತ್ತಿದ್ದೆ. ನನ್ನದನ್ನು ಯಾರೂ ಕಂಡುಹಿಡಿಯಲಿಲ್ಲ.

ಇವರು ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದಿದ್ದರು. ಗೂಡ್ಸ್ ರೈಲಿನ ಗಾರ್ಡಿಗೆ ಮನೆಯೂ ಒಂದು ಸ್ಟೇಷನ್ ಅಷ್ಟೆ, ಬಂದು ನಿಂತು ಹೊರಡುತ್ತಾರೆ. "ಮುಖ ಯಾಕೆ ಹೀಗಿದೆ?" ಅಂದರು. "ನಿದ್ದೆ ಇಲ್ಲ," ಅಂದೆ. ಅದಂತೂ ಸುಳ್ಳಲ್ಲ.

ಮಾರ್ಚ್ ೧೯, ಬುಧವಾರ

ಮೊದಲನೇ ಸ್ಕ್ಯಾನ್ ಆಯಿತು. ಮನೆಯಲ್ಲಿ ಸ್ಕೂಲಿನ ಕೆಲಸ ಅಂದೆ.

ಯಂತ್ರ ನಡೆಸುವವಳು ನನಗಿಂತ ಚಿಕ್ಕವಳೇ ಇರಬೇಕು, ಆದರೆ ಹೆಡ್‌ಮಿಸ್ ಗತ್ತು. ಕಿವಿಯೋಲೆ, ಹೇರ್‌ಪಿನ್ನು, ಒಳಬಟ್ಟೆಯ ಕೊಕ್ಕೆ, ಎಲ್ಲ ಬಿಚ್ಚಿಸಿದಳು. ತಲೆಗೆ ಪಂಜರದಂಥದೊಂದು ಮುಚ್ಚಿ, ಕೈಗೆ ರಬ್ಬರಿನ ಉಂಡೆ ಕೊಟ್ಟಳು. "ಭಯ ಆದ್ರೆ ಇದನ್ನ ಒತ್ತಿ, ನಾನು ಬರ್ತೀನಿ. ಆದ್ರೆ ಅಲುಗಾಡಬಾರದು. ಸ್ವಲ್ಪಾನೂ ಅಲುಗಾಡಬಾರದು. ರಕ್ತನಾಳದ ಚಿತ್ರ ಕೊನೇಗೆ ಬರುತ್ತೆ, ಒಂಬತ್ತು ನಿಮಿಷ. ಅಷ್ಟು ಹೊತ್ತು ಕಲ್ಲಿನ ಹಾಗೆ ಇರಿ."

ಒಳಗೆ ಹೋದ ಮೇಲೆ ಮೂಗಿನಿಂದ ಒಂದು ಗೇಣಿಗೆ ಛಾವಣಿ. ಡಬ್ಬದೊಳಗೆ ಕಲ್ಲು ಹಾಕಿ ಕುಲುಕಿದ ಹಾಗೆ ಸದ್ದು. ಈಗ ಒಡೆದರೆ, ಇಲ್ಲೇ ಒಡೆದರೆ, ಅಂತ ಒಂದೇ ಯೋಚನೆ. ಮಗುವಿಗೆ ನನ್ನ ಮುಖ ನೆನಪಿರುತ್ತದಾ? ನನಗೆ ಆರು ವರ್ಷವಾಗಿತ್ತು, ಅಮ್ಮನ ಮುಖ ಬಟ್ಟೆ ಕಟ್ಟಿದ ಮೇಲೆ ಹೇಗಿತ್ತೋ ಅಷ್ಟೇ ಉಳಿದಿದೆ. ಎಂಟು ತಿಂಗಳಿಗೆ ಏನು ಉಳಿಯುತ್ತದೆ?

ಆಮೇಲೆ ಸದ್ದು ಒಂದೇ ಸಮ ಆಯಿತು. ಕಣ್ಣು ಮುಚ್ಚಿದೆ. ಒಂದು ಕ್ಷಣ ಆಗಿರಬಹುದು, ಅಷ್ಟರಲ್ಲಿ ಹೊರಗೆಳೆದು "ಮುಗೀತು" ಅಂದಳು. ಚಿತ್ರ ತೋರಿಸಿ ಅಂದೆ. "ನಾವು ಹೇಳೋ ಹಾಗಿಲ್ಲ," ಅಂದಳು, ನನ್ನ ಮುಖ ನೋಡದೆ.

ಮುಖ ನೋಡದೆ ಯಾಕೆ ಹೇಳಿದಳು?

ಮಾರ್ಚ್ ೨೭, ಗುರುವಾರ

ಫೋನು ಬಂತು. "ಮೊದಲನೇ ಸ್ಕ್ಯಾನ್ ಇನ್ನೊಂದು ಸಲ ಮಾಡ್ಬೇಕು. ಮುಂದಿನ ಬುಧವಾರ ಬನ್ನಿ, ಡಾಕ್ಟರೇ ನಿಮ್ಮ ಹತ್ರ ಮಾತಾಡ್ತಾರೆ."

"ಯಾಕೆ?"

"ಅದನ್ನ ಅವರೇ ಹೇಳ್ತಾರೆ."

ಸಿಕ್ಕಿದೆ ಅವರಿಗೆ.

ಮಾರ್ಚ್ ೨೯, ಶನಿವಾರ

ಕೆಮ್ಮಲು ಹೆದರಿಕೆ. ಬಗ್ಗಲು ಹೆದರಿಕೆ. ಮಗು ಅತ್ತರೆ ಎತ್ತಿಕೊಳ್ಳದೆ ನೆಲದ ಮೇಲೆ ಅವಳ ಪಕ್ಕ ಮಲಗುತ್ತೇನೆ. ಅವಳು ನನ್ನ ಮೇಲೆ ಹತ್ತಿ ಮೂಗು ಹಿಡಿಯುತ್ತಾಳೆ. ಕುತ್ತಿಗೆಯ ನಾಡಿಯ ಮೇಲೆ ಬೆರಳಿಟ್ಟುಕೊಂಡೇ ಇರುತ್ತೇನೆ, ಅದು ಬಡಿದುಕೊಂಡಾಗಲೆಲ್ಲ ಒಳಗೆಲ್ಲೋ ತೆಳ್ಳಗಾದ ಕಡೆ ತಾಗುತ್ತಿದೆ ಅನ್ನಿಸುತ್ತದೆ.

ಒಂದು ಪಟ್ಟಿ ಬರೆದು ಅಡುಗೆಮನೆಯ ಡಬ್ಬದ ಹಿಂದೆ ಇಟ್ಟೆ. ಬಾಟಲಿ ಎಷ್ಟು ಬಿಸಿ ಇರಬೇಕು. ಎಡಮಗ್ಗುಲಾಗಿ ಮಲಗಿಸಿದರೆ ನಿದ್ದೆ ಬರುವುದಿಲ್ಲ. ಹಳದಿ ಟೋಪಿ ತುರಿಸುತ್ತದೆ, ಹಾಕಬೇಡಿ. ಅವಳು ಕೇಳಿದರೆ ಅಮ್ಮ ಕೊನೆಯಲ್ಲಿ ಸುಮ್ಮನೆ ಮಲಗಿದಳು ಅಂತ ಮಾತ್ರ ಹೇಳಬೇಡಿ.

ಮಾರ್ಚ್ ೩೧, ಸೋಮವಾರ

ಅತ್ತೆಗೆ ಪಟ್ಟಿ ಸಿಕ್ಕಿತು.

ಮಧ್ಯಾಹ್ನ ನನ್ನೆದುರು ಕೂತು, ಕನ್ನಡಕ ಹಾಕಿಕೊಂಡು, ಜೋರಾಗಿ ಓದಿದರು. ಗಿರಾಕಿಯ ಅಳತೆ ಚೀಟಿ ಓದುವ ಹಾಗೆ, ಒಂದೊಂದೇ ಸಾಲು. ಕೊನೆಯ ಸಾಲಿಗೆ ಬಂದು ನಿಂತರು.

"ಎಲ್ಲಿಗೆ ಹೊರಟಿದೀಯ?"

ಪಟ್ಟಿಗೆ ಕೈ ಚಾಚಿದೆ, ಅವರು ಕೊಡಲಿಲ್ಲ.

"ಬಿಟ್ಟು ಓಡಿ ಹೋಗೋಳು ಟೋಪಿ ತುರಿಸುತ್ತೆ ಅಂತ ಬರೆಯಲ್ಲ. ಏನೇ ಅದು, ಹೇಳು."

ಎಲ್ಲ ಹೊರಗೆ ಬಂತು. ಅಮ್ಮ, ಹದಿನೇಳು, ಸ್ಕ್ಯಾನು, ಫೋನು, ಹತ್ತೊಂಬತ್ತನೇ ಪ್ರಶ್ನೆ. ಅಳುತ್ತಾ ಹೇಳಿದೆನೋ ಹೇಳುತ್ತಾ ಅತ್ತೆನೋ. ಅವರು ತಡೆಯಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ಮೊಣಕಾಲಿನ ಮೇಲಿದ್ದ ಬಟ್ಟೆಯ ಚೂರನ್ನು ಮಡಿಸುತ್ತಾ ಬಿಚ್ಚುತ್ತಾ ಇದ್ದರು.

ಕೊನೆಗೆ, "ಸೊಂಟ ಮೂವತ್ತಾರು ಇದ್ದೋಳು ಬಂದು ಮೂವತ್ತು ಅಂತ ಬರೆಸಿದ್ರೆ ನಾನೇನು ಹೊಲೀಲಿ?" ಎಂದರು. "ಡಾಕ್ಟರಿಗೆ ಸುಳ್ಳು ಅಳತೆ ಕೊಟ್ಟು ಬಂದಿದೀಯ. ಬುಧವಾರ ನಾನೂ ಬರ್ತೀನಿ. ನೀನು ಬಾಯಿ ಬಿಡದಿದ್ರೆ ನಾನು ಬಿಡ್ತೀನಿ."

ಪಟ್ಟಿಯನ್ನು ಹರಿಯಲಿಲ್ಲ. ಮಡಿಸಿ ದಾರದ ಡಬ್ಬಿಯಲ್ಲಿ ಹಾಕಿಕೊಂಡರು. ಹಳದಿ ಟೋಪಿಯ ಅಂಚು ಬಿಚ್ಚಿ ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು ಹೊಲಿಯುವ ಸದ್ದು ಈಗ ಕೇಳುತ್ತಿದೆ.

ಏಪ್ರಿಲ್ ೨, ಬುಧವಾರ

ಇವರಿಗೆ ಇವತ್ತು ರಜ ಇತ್ತು. ಪುಟ್ಟಿಯನ್ನು ಇವರ ಹತ್ತಿರ ಬಿಟ್ಟು ನಾವಿಬ್ಬರೂ ಹೋದೆವು.

ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ನಾನು, "ಹತ್ತೊಂಬತ್ತಕ್ಕೆ ಸುಳ್ಳು ಬರೆದಿದೀನಿ. ನಮ್ಮಮ್ಮ ತಲೆಯಲ್ಲಿ ರಕ್ತನಾಳ ಒಡೆದು ಹೋದ್ರು," ಅಂದೆ. ಅವರು ಪೆನ್ನು ಕೆಳಗಿಟ್ಟರು. ಒಂದು ಮಾತೂ ಬೈಯಲಿಲ್ಲ, ಅದಕ್ಕೆಲ್ಲ ಅಧ್ಯಯನದಿಂದ ಕೈಬಿಡಲ್ಲ ಅಂದರು. ಆಮೇಲೆ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು.

ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆಗಳು. ಒಂದೊಂದು ಗೆರೆಯೂ ಎರಡೆರಡಾಗಿ, ಮೂರಾಗಿ, ಕಲಸಿಹೋಗಿತ್ತು. ಇಷ್ಟೊಂದು ಹಾಳಾಗಿದೆಯಾ?

"ಇದರಲ್ಲಿ ಏನೂ ಕಾಣಲ್ಲ. ರಕ್ತನಾಳದಲ್ಲಿ ಒಡೆಯೋವಂಥ ಉಬ್ಬು ಇದೆ ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ನೀವು ಕೊನೇ ಒಂಬತ್ತು ನಿಮಿಷ ಅಲುಗಾಡ್ತಾನೇ ಇದ್ರಿ. ಅದೂ ಗಡಿಯಾರದ ಹಾಗೆ, ಒಂದೇ ಲಯದಲ್ಲಿ. ನಮ್ಮ ಯಂತ್ರವೇ ಕೆಟ್ಟಿದೆ ಅಂದ್ಕೊಂಡು ಒಂದು ವಾರ ಪರೀಕ್ಷೆ ಮಾಡಿದ್ವಿ."

"ಇಲ್ಲ ಡಾಕ್ಟ್ರೇ, ನಾನು ಕಲ್ಲಿನ ಹಾಗೆ ಇದ್ದೆ."

ಬಾಗಿಲಲ್ಲಿ ನಿಂತಿದ್ದ ಯಂತ್ರದವಳು, "ನೀವು ನಿದ್ದೆ ಮಾಡಿಬಿಟ್ಟಿದ್ರಿ," ಅಂದಳು. "ಕಾಲು ಆಡ್ತಿತ್ತು. ನಾನು ಬೇರೆ ಪರದೆ ನೋಡ್ತಿದ್ದೆ, ಗಮನಿಸಿದ್ದು ಮುಗೀವಾಗ. ಹೇಳೋಕೆ ಭಯ ಆಯ್ತು."

ಅತ್ತೆ ಮೇಜಿನ ಕೆಳಗೆ ಬಗ್ಗಿ ನೋಡಿದರು. ಎಲ್ಲರೂ ನೋಡಿದರು. ನನ್ನ ಬಲಗಾಲು ಆಗಲೂ ತೂಗುತ್ತಿತ್ತು.

"ತೊಟ್ಟಿಲು!" ಎಂದು ಅತ್ತೆ ತೊಡೆ ತಟ್ಟಿಕೊಂಡರು. "ಹೆಬ್ಬೆರಳಿಗೆ ಪಟ್ಟಿ ಕಟ್ಕೊಂಡು ದಿನಾ ತೂಗ್ತಾಳೆ ಡಾಕ್ಟ್ರೇ. ನನ್ನ ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಿದ ಮೇಲೂ ಆರು ತಿಂಗಳು ನನ್ನ ಕಾಲು ಸುಮ್ಮನೆ ತುಳೀತಾನೇ ಇತ್ತು. ಊಟಕ್ಕೆ ಕೂತ್ರೂ ತುಳಿತ. ಇದೂ ಅದೇ ಜಾತಿ."

ಯಾರೋ ನಕ್ಕರು. ನಾನು ನಗಲಿಲ್ಲ. ಏನೂ ಕಾಣಲ್ಲ ಅಂದರೆ ಏನೂ ಇಲ್ಲ ಅಂತಲ್ಲವಲ್ಲ.

ಈ ಸಲ ಅತ್ತೆಯನ್ನೂ ಒಳಗೆ ಬಿಡಿ ಅಂತ ಕೇಳಿದೆ. ನಾನೇ ಕೇಳಿದೆನಾ? ಹೌದು. ಅವರ ಮೈಮೇಲಿನ ಲೋಹ ತೆಗೆಸುವುದಕ್ಕೆ ಕಾಲು ಗಂಟೆ ಹಿಡಿಯಿತು. ಎದೆಯ ಬಟ್ಟೆಯಿಂದ ಏಳು ಗುಂಡುಪಿನ್ನು, ಎರಡು ಸೂಜಿ, ಜಡೆಯಿಂದ ನಾಲ್ಕು ಹೇರ್‌ಪಿನ್ನು, ಜೇಬಿನಿಂದ ಪುಟ್ಟ ಕತ್ತರಿ. "ಅಂಗಡೀನೇ ಹೊತ್ಕೊಂಡು ಬಂದಿದೀರಲ್ಲ ಅಜ್ಜಿ," ಎಂದಳು ಯಂತ್ರದವಳು. ಒಂದು ಬಳೆ ಮೂವತ್ತು ವರ್ಷದಿಂದ ಬಿಚ್ಚಿಲ್ಲವಂತೆ. ಸೋಪು ಹಚ್ಚಿ, ಹಲ್ಲು ಕಚ್ಚಿ ಎಳೆದು ತೆಗೆದರು. ಮಣಿಕಟ್ಟು ಕೆಂಪಗಾಗಿತ್ತು.

ಅವರು ಕಾಲ ಬುಡದಲ್ಲಿ ಸ್ಟೂಲಿನ ಮೇಲೆ ಕೂತು ಎರಡೂ ಕೈಯಿಂದ ನನ್ನ ಪಾದ ಹಿಡಿದುಕೊಂಡರು. ಅಂಗೈ ಒರಟು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗಂಟು. ಸದ್ದು ಶುರುವಾದಾಗ ಅವರು ಬೆಚ್ಚಿದ್ದು ನನ್ನ ಪಾದಕ್ಕೆ ಗೊತ್ತಾಯಿತು. ಆದರೆ ಬಿಡಲಿಲ್ಲ.

ವರದಿಗೆ ದೊಡ್ಡ ಡಾಕ್ಟರು ನೋಡಬೇಕು, ಹನ್ನೆರಡು ದಿನ. ಅಷ್ಟರಲ್ಲಿ ನೋವು ಬಂದರೆ ಮಾತ್ರೆ ನುಂಗದೆ ಫೋನು ಮಾಡಬೇಕು. ಜನ್ಮದಲ್ಲಿ ಮೊದಲ ಸಲ, ಬಾ ಅಂತ ಕಾಯುತ್ತಿದ್ದೇನೆ. ಬಂದರೆ ಕೊಲ್ಲುತ್ತದೆ ಅಂದುಕೊಂಡದ್ದನ್ನೇ.

ಏಪ್ರಿಲ್ ೮, ಮಂಗಳವಾರ

ಬಂತು. ೧೦:೪೦. ಮಾತ್ರೆ ನುಂಗಿಲ್ಲ. ಫೋನು ಮಾಡಿದೆ. ಕಾರು ಕಳಿಸುತ್ತಾರೆ. ಅಕ್ಷರ ಕಾಣು

ಏಪ್ರಿಲ್ ೯, ಬುಧವಾರ

ನಿನ್ನೆಯದು ನೆನಪಿದ್ದಷ್ಟು.

ಇವರು ರೈಲಿನಲ್ಲಿದ್ದರು. ಅತ್ತೆ ಪುಟ್ಟಿಯನ್ನು ಬಟ್ಟೆಯಿಂದ ಎದೆಗೆ ಬಿಗಿದುಕೊಂಡು ಮುಂದೆ ನಿಂತು, "ನನ್ನ ಭುಜ ಹಿಡ್ಕೋ, ಕಣ್ಣು ಮುಚ್ಕೋ. ನಾನು ಎಣಿಸ್ತೀನಿ," ಅಂದರು. ಒಂದು, ಎರಡು, ಮೂರು. ಹತ್ತಾದ ಮೇಲೆ "ಇದು ನಿನ್ನ ಹನ್ನೊಂದು, ಗೋಡೆ ಕಡೆ ಕಾಲಿಡು," ಅಂದರು. ಅವರಿಗೆ ಅದು ನೆನಪಿತ್ತು.

ಕಾರಿನಲ್ಲಿ ವಾಂತಿ. ಆಸ್ಪತ್ರೆಯ ದೀಪಗಳು ಒಂದೊಂದೂ ಮೊಳೆ. ಪುಟ್ಟಿ ಇದ್ದಿದ್ದರಿಂದ ಅತ್ತೆ ಹೊರಗೇ ಕೂರಬೇಕಾಯಿತು. ಪಾದ ಹಿಡಿಯುವವರು ಇಲ್ಲ. ಯಂತ್ರದವಳು ಕಾಲಿಗೆ ಪಟ್ಟಿ ಕಟ್ಟಲಾ ಅಂದಳು. ಬೇಡ ಅಂದೆ, ಯಾಕೆ ಅಂದೆನೋ.

ಒಳಗೆ ಆ ಸದ್ದು ತಲೆಯ ಆ ಅರ್ಧಕ್ಕೇ ಗುರಿಯಿಟ್ಟು ಹೊಡೆದ ಹಾಗಿತ್ತು. ಈಗ, ಈಗ, ಈಗ ಒಡೆಯುತ್ತದೆ. ರಬ್ಬರಿನ ಉಂಡೆ ಕೈಯಲ್ಲಿ ಬೆವೆತು ಜಾರುತ್ತಿತ್ತು. ಒತ್ತಿದರೆ ಹೊರಗೆ, ಮಾತ್ರೆ, ಕತ್ತಲೆ. ಒತ್ತಿದರೆ ಮತ್ತೆ ಕಲಸಿದ ಗೆರೆ, ಮತ್ತೆ ಯಾರಿಗೂ ಏನೂ ಗೊತ್ತಿಲ್ಲ. ಗೋಡೆಯಾಚೆ ಪುಟ್ಟಿ ಅಳುತ್ತಿರಬಹುದು ಅನ್ನಿಸಿದಾಗಲೆಲ್ಲ ಕಾಲು ಎದ್ದು ಬರುತ್ತಿತ್ತು. ಪಾದದ ಮೇಲೆ ಆ ಒರಟು ಕೈ ಇದೆ ಅಂದುಕೊಂಡೆ. ಇತ್ತು.

ಹೊರಗೆ ಬಂದಾಗ ಯಂತ್ರದವಳ ಕಣ್ಣು ಒದ್ದೆಯಾಗಿತ್ತು. ಈ ಸಲ ನನ್ನ ಮುಖ ನೋಡಿಯೇ, "ಒಂದು ಕೂದಲಷ್ಟೂ ಅಲುಗಾಡಲಿಲ್ಲ ಮೇಡಂ," ಅಂದಳು.

ಮಾತ್ರೆ ಕೊಟ್ಟರು. ಅತ್ತೆ ಒಂದು ಲೋಟ ನೀರು ಹಿಡಿದು ನಿಂತಿದ್ದರು.

ಏಪ್ರಿಲ್ ೧೪, ಸೋಮವಾರ

ಡಾಕ್ಟರಮ್ಮ ಎರಡು ಚಿತ್ರ ಪಕ್ಕಪಕ್ಕ ಇಟ್ಟರು. ಬುಡದಲ್ಲಿ ಸಣ್ಣ ಉಂಗುರ, ಬಸ್ ನಿಲ್ದಾಣದ ಸುತ್ತಿನ ರಸ್ತೆಯ ಹಾಗೆ. ಅಲ್ಲಿಂದ ಬೇರೆಬೇರೆ ಕಡೆ ಹೊರಟ ದಾರಿಗಳು, ತೆಳ್ಳಗಾಗುತ್ತಾ. ಇದು ನಾನು.

"ನೋವು ಇದ್ದ ದಿನದ್ದು ಯಾವುದು, ಹೇಳಿ ನೋಡೋಣ."

ಎಡಗಡೆಯ ರಕ್ತನಾಳ ದಪ್ಪಗೆ ಕಂಡದ್ದನ್ನು ತೋರಿಸಿದೆ.

"ಅದು ನಿಮ್ಮತ್ತೆ ಕಾಲು ಹಿಡ್ಕೊಂಡಿದ್ದ ದಿನದ್ದು. ನೋವಿರಲಿಲ್ಲ."

ಮತ್ತೆ ನೋಡಿದೆ. ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಅಳತೆ ಮಾಡಿದರೆ ಕೂದಲೆಳೆಯಷ್ಟು ಇದೆಯಂತೆ, ಅದೂ ಕಂಪ್ಯೂಟರಿಗೆ ಮಾತ್ರ ಕಾಣುವಷ್ಟು. ಇಪ್ಪತ್ತು ವರ್ಷದಿಂದ ಪ್ರತಿ ಸಲವೂ ಅದು ಬಲೂನಿನ ಹಾಗೆ ಊದುತ್ತಿದೆ ಅಂತ ನಾನು ಒಳಗೇ ನೋಡುತ್ತಿದ್ದೆ. ಅದು ಸುಮ್ಮನೆ ತನ್ನ ಕೆಲಸ ಮಾಡುತ್ತಿತ್ತು.

"ಹಾಗಾದ್ರೆ ನೋವು ಎಲ್ಲಿಂದ?"

"ಅದು ಗೊತ್ತಿದ್ರೆ ನಿಮ್ಮನ್ನ ಯಾಕೆ ಆ ಕೊಳವೆಯೊಳಗೆ ಮಲಗಿಸ್ತಿದ್ದೆ? ಇನ್ನೂ ನಲವತ್ತು ಜನ ಬೇಕು ನಂಗೆ."

ಅತ್ತೆ ಮುಂದೆ ಬಗ್ಗಿದರು. "ಅದೆಲ್ಲ ಇರ್ಲಿ. ಅವಳಮ್ಮನ ಥರದ್ದು ಇದೆಯೋ ಇಲ್ವೋ?"

"ಉಬ್ಬು ಇಲ್ಲ. ದೊಡ್ಡ ಡಾಕ್ಟರು ಎರಡೂ ಚಿತ್ರ ನೋಡಿದ್ದಾರೆ. ಇವರ ತಾಯಿಗೆ ಏನಾಗಿತ್ತು ಅಂತ ನಾನು ಹೇಳಲಾರೆ, ಆಗ ಯಾರೂ ಚಿತ್ರ ತೆಗೀಲಿಲ್ಲ. ಇವರಲ್ಲಿ ಇವತ್ತಿನ ಮಟ್ಟಿಗೆ ಇಲ್ಲ. ಐದು ವರ್ಷಕ್ಕೆ ಇನ್ನೊಂದ್ಸಲ ನೋಡಿಸಿ."

ಇವತ್ತಿನ ಮಟ್ಟಿಗೆ. ಬಸ್ಸಿನಲ್ಲಿ ಬರುವಾಗ ಪೂರ್ತಿ ಅದನ್ನೇ ಮಗುಚಿ ಮಗುಚಿ ನೋಡಿದೆ. ನಾಳೆಯ ಮಟ್ಟಿಗೆ ಯಾರು ಹೇಳಬೇಕು? ಅತ್ತೆ ಮಾತ್ರ, "ನನ್ನ ಬಳೆ ಅವತ್ತಿಂದ ವಾಪಸ್ ಹಾಕ್ಕೊಳ್ಳೋಕೆ ಆಗ್ತಿಲ್ಲ ಕಣೇ, ಕೈ ಊದ್ಕೊಂಡಿದೆ," ಅಂತ ನನ್ನನ್ನೇ ಬೈದರು. ಮನೆಗೆ ಬಂದು ಎಣ್ಣೆ ಹಚ್ಚಿ ನಾನೇ ತೊಡಿಸಿದೆ.

ಏಪ್ರಿಲ್ ೧೮, ಶುಕ್ರವಾರ

ಪುಟ್ಟಿಗೆ ನೆಗಡಿ, ಎರಡು ದಿನದಿಂದ ಒಂದೇ ರಗಳೆ. ಮೂಗು ಒರೆಸಿ ಒರೆಸಿ ಕೆಂಪಾಗಿದೆ. ನಿನ್ನೆ ಸಂಜೆ ಡ್ರಾಪ್ಸ್ ಮುಗಿದಿತ್ತು, ಅತ್ತೆಗೆ ಗಿರಾಕಿ ಕೂತಿದ್ದರು, ಇವಳನ್ನು ಸೊಂಟದ ಮೇಲೆ ಹಾಕಿಕೊಂಡು ಔಷಧಿ ಅಂಗಡಿಗೆ ಓಡಿ ಹೋಗಿ ಬಂದೆ. ಅಲ್ಲಿ ಚಿಲ್ಲರೆ ಇಲ್ಲವೆಂದು ಬೇಡದ ಪೆಪ್ಪರ್‌ಮಿಂಟು ಕೊಟ್ಟರು. ವಾಪಸ್ಸು ಹತ್ತುವಾಗ ಅತ್ತೆ ಅಳತೆ ಟೇಪು ಕುತ್ತಿಗೆಗೆ ಹಾಕಿಕೊಂಡು ಮೆಟ್ಟಿಲ ತುದಿಯಲ್ಲಿ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ, ಸಂಜೆ ಗಾಳಿಗೆ ಮಗುವನ್ನು ಯಾಕೆ ಕರೆದುಕೊಂಡು ಹೋದೆ ಅಂತ. ಇವಳ ಮೂಗು ಒರೆಸಿ ಒಳಗೆ ಹೋದರು, ಅಷ್ಟೆ. ಗಿರಾಕಿಯನ್ನು ಒಳಗೆ ಕಾಯಿಸಿ ಅಷ್ಟು ಹೊತ್ತು ಅಲ್ಲೇನು ಮಾಡುತ್ತಿದ್ದರೋ.

ಈಗ ಮೇಲೆ ತಾರೀಕು ಹಾಕುವಾಗ ಕೈ ನಿಂತಿತು. ನಿನ್ನೆ ಹದಿನೇಳು.

ಇಡೀ ದಿನ ಕಳೆದಿದೆ, ನಾನು ನೋಡೇ ಇಲ್ಲ. ಮೂವತ್ತೆರಡು ವರ್ಷ, ಒಂದು ದಿನ. ಇನ್ನು ಈ ವರ್ಷ ಪೂರ್ತಿ ಉಳಿದಿದೆ, ಅದರಲ್ಲಿ ಅಮ್ಮನ ಆ ದಿನ ಯಾವುದೋ ಗೊತ್ತಿಲ್ಲ.

ಸರಿ, ಇವಳು ಮಲಗಿದ್ದಾಳೆ, ಕೂತು ಸರಿಯಾಗಿ ಹೆದರೋಣ ಅಂದುಕೊಂಡೆ. ಅಷ್ಟರಲ್ಲಿ ಎದ್ದಳು.